ಅತ್ತೆಯವರ ಡಬ್ಬಿಯ ವಾವಡಿಂಗ

ಕಲಾದಗಿಯ ಶಿವಪ್ರಕಾಶ ಗುಡೂರಿಗೆ ಕನ್ಯೆ ನೋಡಲು ಹೋದದ್ದು ೧೯೯೯ರಲ್ಲಿ. ವರ ಬಾಗಲಕೋಟೆಯ ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವವನು, ಸಾದಾ ಉಪ್ಪಿಟ್ಟು ಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು ಕನ್ಯೆಯ ತಾಯಿ ಗುರುಲಿಂಗವ್ವ ಅಂದು ಹಸಿಮೆಣಸಿನಕಾಯಿ ಬಿಟ್ಟು ಕಾಳುಮೆಣಸು ಹಾಕಿಸಿದ್ದರು. ಶಿವಪ್ರಕಾಶ ಎರಡು ತುತ್ತು ತಿಂದವನು ಮೂರನೆಯದಕ್ಕೆ ನಿಂತ. ಉಪ್ಪಿಟ್ಟಿನೊಳಗಿನ ಕರಿ ಕಾಳುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಒಂದನ್ನು ಮುಂದಿನ ಹಲ್ಲಿನಿಂದ ಒಡೆದ. ಆಮೇಲೆ ಕೂಡಿದ್ದ ಹಿರಿಯರ ಕಡೆ ತಿರುಗಿ, "ಇದರಾಗ ಅರ್ಧ ಮೆಣಸಲ್ರಿ, ಪಪ್ಪಾಯಿ ಬೀಜ" ಎಂದ.

ಶಿವಪ್ರಕಾಶನ ತಂದೆ ಕೆಮ್ಮಿದರು. ಅಡುಗೆಮನೆಯ ಬಾಗಿಲಿನಿಂದ ಗುರುಲಿಂಗವ್ವನ ದನಿ ಕೇಳಿಸಿತು: "ಹುಡುಗ ಕನ್ಯಾ ನೋಡಾಕ ಬಂದಾನೊ, ಕಾಳು ನೋಡಾಕ ಬಂದಾನೊ?"

ಅದೇ ಬಾಗಿಲ ಮರೆಯಲ್ಲಿ ಯಾರೋ ನಗು ತಡೆಯಲಾರದೆ ಕಿಸಕ್ಕನೆ ನಕ್ಕರು. ಅದು ನಾಗರತ್ನಾ, ಕನ್ಯೆ. ಶಿವಪ್ರಕಾಶ ಕಾಳು ಬಿಟ್ಟು ತಲೆಯೆತ್ತಿದ್ದು ಆಗಲೇ. ಮರುದಿನ ಗುರುಲಿಂಗವ್ವ ಮನೆಯಲ್ಲಿದ್ದ ಮೆಣಸನ್ನೆಲ್ಲ ನೀರಿಗೆ ಸುರಿದು ನೋಡಿದರೆ ಹಗುರಾದ ಪಪ್ಪಾಯಿ ಬೀಜ ಅರ್ಧಕ್ಕರ್ಧ ತೇಲಿತು. ಆಕೆ ತೇಲಿದ್ದನ್ನೆಲ್ಲ ಬಸಿದುಕೊಂಡು ಹೋಗಿ ಅಂಗಡಿಕಾರನ ತಕ್ಕಡಿಗೆ ಸುರಿದು, ಅವನ ಏಳು ತಲೆಮಾರು ಜಾಲಾಡಿ, ಮನೆಗೆ ಬಂದು, "ಹುಡುಗ ಶಾಣ್ಯಾ ಅದಾನ, ಮದುವಿ ಮಾಡೂಣು" ಎಂದರು.

ಮದುವೆಯಾದ ಮೇಲೆ ನಾಗರತ್ನಾಳಿಗೆ ಗಂಡನ ಈ ಗುಣದ ಪೂರ್ತಿ ಪರಿಚಯವಾಯಿತು. ಬಾಗಲಕೋಟೆಯ ನವನಗರದ ಮನೆಗೆ ಬಂದ ಚಹಾಪುಡಿ ಮೊದಲು ಹಸಿ ಕಾಗದದ ಮೇಲೆ ಮಲಗಿ, ಬಣ್ಣ ಬಿಡುವುದಿಲ್ಲವೆಂದು ಸಾಬೀತು ಮಾಡಬೇಕಿತ್ತು. ಅರಿಶಿನ ಗಾಜಿನ ಲೋಟದಲ್ಲಿ ಮುಳುಗಬೇಕಿತ್ತು. ಜೇನುತುಪ್ಪಕ್ಕಂತೂ ಎಂಟು ದಿನ ಸೆರೆವಾಸ. ಓಣಿಯ ಹೆಂಗಸರು ಸಂತೆಯಿಂದ ಬರುವಾಗ ಶಿವಪ್ರಕಾಶ ಕಟ್ಟೆಯ ಮೇಲೆ ಕುಳಿತಿದ್ದರೆ ಚೀಲವನ್ನು ಸೆರಗಿನಡಿ ಮುಚ್ಚಿಕೊಂಡು ಬಿರಬಿರನೆ ದಾಟುತ್ತಿದ್ದರು. ಅವನು ಕೆಟ್ಟವನಲ್ಲ, ಜಗಳಗಂಟನೂ ಅಲ್ಲ. ಹೆಸರು ಒಂದು, ಒಳಗಿನ ಮಾಲು ಇನ್ನೊಂದು ಎಂದರೆ ಅವನಿಗೆ ಊಟ ಸೇರುತ್ತಿರಲಿಲ್ಲ, ಅಷ್ಟೇ.

ಇಂಥವನು ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯವೂ ಇಂಥದೇ. ಪುಸ್ತಕದಲ್ಲಿ ಅದರ ಹೆಸರು ವಾಯುವಿಳಂಗ, ಆ ಸೀಮೆಯ ಬಾಯಲ್ಲಿ ವಾವಡಿಂಗ. ಕಾಳುಮೆಣಸಿನ ಗಾತ್ರದ, ಕೆಂಪು ಬೆರೆತ ಕಂದು ಬಣ್ಣದ ಒಣ ಹಣ್ಣು. ಮಕ್ಕಳ ಹೊಟ್ಟೆಯ ಜಂತುಹುಳಕ್ಕೆ ಅದನ್ನು ಕುದಿಸಿ ಕುಡಿಸುವುದು ಹಳೆಯ ರೂಢಿ. ತಮಾಷೆಯೆಂದರೆ ಆ ಒಂದು ಹೆಸರಿನ ಮೇಲೆ ಮೂರು ನಾಲ್ಕು ಬೇರೆ ಬೇರೆ ಗಿಡಗಳ ಹಣ್ಣು ಬಜಾರಿಗೆ ಬರುತ್ತವೆ. ಒಣಗಿದ ಮೇಲೆ ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ಪುಡಿ ಮಾಡಿದರೆ ಮುಗಿದೇ ಹೋಯಿತು, ಕಣ್ಣು ಮೂಗು ನಾಲಿಗೆ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಆಗ ರಸಾಯನಶಾಸ್ತ್ರ ಬೇಕು. ಹಣ್ಣನ್ನು ಕುಟ್ಟಿ ಸ್ಪಿರಿಟ್ಟಿನಲ್ಲಿ ನೆನೆಸಿ, ಆ ರಸದ ಹನಿಯನ್ನು ಬಿಳಿ ಪುಡಿ ಬಳಿದ ಗಾಜಿನ ಪಟ್ಟಿಯ ಕೆಳ ಅಂಚಿಗೆ ಇಟ್ಟು, ಪಟ್ಟಿಯನ್ನು ಒಂದು ದ್ರಾವಣದಲ್ಲಿ ನಿಲ್ಲಿಸುತ್ತಾರೆ. ದ್ರಾವಣ ಮೇಲೇರುವಾಗ ಹನಿಯೊಳಗಿನ ಒಂದೊಂದು ವಸ್ತುವೂ ತನ್ನ ಶಕ್ತಿಯಿದ್ದಷ್ಟು ಹತ್ತಿ, ಅಲ್ಲಿ ಚುಕ್ಕೆಯಾಗಿ ಕುಳಿತುಬಿಡುತ್ತದೆ. ಒಂದೊಂದು ಗಿಡಕ್ಕೂ ಅದರದೇ ಚುಕ್ಕೆಗಳ ಸಾಲು. ಅಂಗಡಿಯ ಹಣ್ಣಿನ ಸಾಲನ್ನು ಅಸಲಿ ಹಣ್ಣಿನ ಸಾಲಿನ ಪಕ್ಕ ಇಟ್ಟು ನೋಡಿದರೆ ಗುಟ್ಟು ಬಯಲು.

ಆದರೆ ಪಕ್ಕಕ್ಕೆ ಇಡಲು ಮೊದಲು ಒಂದು ಅಸಲಿ ಹಣ್ಣು ಬೇಕಲ್ಲ. ಅದಕ್ಕೆ ಶಿವಪ್ರಕಾಶ ಎಲ್ಲಿಯೂ ಅಲೆಯಲಿಲ್ಲ. ಅದು ಅತ್ತೆಯ ಮನೆಯಲ್ಲಿತ್ತು.

ಗುರುಲಿಂಗವ್ವ ಗುಡೂರಿನ ಮಕ್ಕಳ ಹೊಟ್ಟೆಯ ಒಡತಿ ಎಂದರೆ ತಪ್ಪಲ್ಲ. ಹಲ್ಲು ಕಡಿಯುವ ಮಗು, ಮಣ್ಣು ತಿನ್ನುವ ಮಗು, ಉಂಡದ್ದು ಮೈಗೆ ಹತ್ತದ ಮಗು, ಎಲ್ಲವನ್ನೂ ಅವ್ವಂದಿರು ಆಕೆಯ ಕಟ್ಟೆಗೆ ತರುತ್ತಿದ್ದರು. ಆಕೆ ಒಳಗಿನಿಂದ ಡಾಲ್ಡಾ ಡಬ್ಬಿ ತಂದು, ಮುಚ್ಚಳ ತೆಗೆದು, ಚಿಟಿಕೆ ವಾವಡಿಂಗ ಕುಟ್ಟಿ ಕಷಾಯ ಮಾಡಿ ಕುಡಿಸಿ, ಮರುದಿನ ಮುಂಜಾನೆ ಹೊಟ್ಟೆ ತೊಳೆಯಲು ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಹಾಕುತ್ತಿದ್ದರು. ಫಲಿತಾಂಶ ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಗುತ್ತಿತ್ತು.

ಆ ಡಬ್ಬಿಯ ಹಣ್ಣು ಅಂಗಡಿಯದಲ್ಲ. ಗುರುಲಿಂಗವ್ವನ ಅಣ್ಣ ಅಮಾತೆಪ್ಪ ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲನ್ನು ಕಾರವಾರದ ಬಂದರಿಗೆ ಒಯ್ಯುವ ಲಾರಿ ಓಡಿಸುತ್ತಿದ್ದ. ಯಲ್ಲಾಪುರದ ಘಟ್ಟ ಇಳಿಯುವಾಗ ಅವನೇ ಕೈಯಾರೆ ಹರಿದು ತಂದ ಹಣ್ಣು ಅದು. "ಅಡವ್ಯಾಗಿಂದ ನೆಟ್ಟಗ ನನ್ನ ಡಬ್ಬಿಗೆ ಬಂದೈತ್ರಿ ಅಳಿಯಂದ್ರ. ನಡುವ ಒಬ್ಬ ದಲ್ಲಾಳಿನೂ ಇಲ್ಲ" ಎಂದು ಗುರುಲಿಂಗವ್ವ ಒಂದು ಬೊಗಸೆ ಕೊಟ್ಟರು. ಚಹಾಪುಡಿಯನ್ನೂ ನಂಬದ ಶಿವಪ್ರಕಾಶ ಇದನ್ನು ಹೇಗೆ ನಂಬಿದ ಎಂದು ಯಾರಾದರೂ ಕೇಳಬಹುದು. ಹಿಂದಿನ ವರ್ಷ ಅತ್ತೆಯ ಮನೆಯಲ್ಲಿ ಹೋಳಿಗೆ ಮಿತಿಮೀರಿ ಉಂಡು ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದಾಗ ಇದೇ ಡಬ್ಬಿಯ ಕಷಾಯ ಕುಡಿದು ಎದ್ದು ಕುಳಿತವನು ಅವನು. ಜೊತೆಗೆ, ಅತ್ತೆ ಕೊಟ್ಟದ್ದನ್ನು ಅತ್ತೆಯ ಎದುರಿಗೇ ಪರೀಕ್ಷಿಸುವ ಧೈರ್ಯ ಉಪ್ಪಿಟ್ಟಿನ ದಿನಕ್ಕೇ ಮುಗಿದುಹೋಗಿತ್ತು.

ಆ ಬೊಗಸೆ ಹಣ್ಣು ಕಾಲೇಜಿನ ಗಾಜಿನ ಭರಣಿಯಲ್ಲಿ, "ಅಸಲಿ" ಎಂಬ ಚೀಟಿ ಅಂಟಿಸಿಕೊಂಡು ಕುಳಿತಿತು.

ಬಳಿಕ ಶಿವಪ್ರಕಾಶ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ತಿರುಗಿ ಗಿಡಮೂಲಿಕೆಯ ಅಂಗಡಿಗಳಿಂದ ವಾವಡಿಂಗ ತಂದ. ಪಟ್ಟಿ ಹಾಕಿದ. ಒಂದೂ ಅಸಲಿಗೆ ಹೊಂದಲಿಲ್ಲ! ಇನ್ನೂ ವಿಚಿತ್ರವೆಂದರೆ ಅಂಗಡಿಗಳ ಹಣ್ಣಿನಲ್ಲೆಲ್ಲ ಒಂದು ಕಿತ್ತಳೆ ಬಣ್ಣದ ಚುಕ್ಕೆ ಎದ್ದು ಕಾಣುತ್ತಿತ್ತು. ಅತ್ತೆಯ ಹಣ್ಣಿನಲ್ಲಿ ಅದು ಇರಲೇ ಇಲ್ಲ. ವಾವಡಿಂಗದಲ್ಲಿ ಎಂಬೆಲಿನ್ ಎಂಬ ಕಿತ್ತಳೆ ಬಣ್ಣದ ವಸ್ತು ಇರುತ್ತದೆಂದು ಅವನು ಓದಿದ್ದ. ಹೋಲಿಸಿ ನೋಡಲು ಶುದ್ಧ ಎಂಬೆಲಿನ್ ಬೇಕೆಂದು ಮುಂಬೈಗೆ ಬರೆದೂ ಇದ್ದ. ಅದು ಬರುವುದರೊಳಗೆ ಅವನ ತಲೆ ತನ್ನ ದಾರಿ ಹಿಡಿಯಿತು: ಅಸಲಿಯಲ್ಲಿ ಇಲ್ಲದ್ದು ಅಂಗಡಿಯದರಲ್ಲಿ ಇದೆಯೆಂದರೆ ಅದು ಎಂಬೆಲಿನ್ ಆಗಿರಲು ಹೇಗೆ ಸಾಧ್ಯ? ಯಾರೋ ಹಣ್ಣಿಗೆ ಬಣ್ಣ ಹಚ್ಚುತ್ತಿದ್ದಾರೆ. ಇಳಕಲ್ಲೆಂದರೆ ಸೀರೆಯ ಊರು, ಅಲ್ಲಿ ಬಣ್ಣಕ್ಕೇನು ಬರ!

ಅವನಿಗೆ ಆದ ಸಂತೋಷ ಹೇಳತೀರದು. ನಾಲ್ಕು ಊರಿನ ಕಳ್ಳತನ ಒಂದೇ ಗಾಜಿನ ಪಟ್ಟಿಯ ಮೇಲೆ! ಮುಂದಿನ ವಾರವೇ ಇಳಕಲ್ಲಿನ ಒಂದು ವಿಜ್ಞಾನ ಸಭೆಯಲ್ಲಿ ಪಟ್ಟಿಯನ್ನು ಎತ್ತಿಹಿಡಿದು, ಯಾರ ಹೆಸರನ್ನೂ ಹೇಳದೆ, ಆದರೆ ಯಾವ ಊರಿನ ಅಂಗಡಿ ಯಾವ ಓಣಿಯಲ್ಲಿದೆ, ಅದರ ಎದುರಿಗೆ ಏನಿದೆ ಎಂಬುದನ್ನೆಲ್ಲ ಹೇಳಿ, ಭಾಷಣ ಮಾಡಿದ. ಭಾಷಣ ಮುಗಿಸಿ ಇಳಕಲ್ಲಿನ ಅಂಗಡಿಗೇ ಹೋದ.

ಅಂಗಡಿ ದಸ್ತಗೀರಸಾಬರದು. ಅಜ್ಜನ ಕಾಲದಿಂದ ಬೇರು ನಾರು ಮಾರಿದ ಮನೆತನ. ದಸ್ತಗೀರಸಾಬರಿಗೆ ತಮ್ಮ ಮಾಲಿನ ಬಗ್ಗೆ ಅಭಿಮಾನ ಎಷ್ಟೆಂದರೆ, ಹುಬ್ಬಳ್ಳಿಯಿಂದ ಬಂದದ್ದನ್ನೆಲ್ಲ ಅವರು ಕಾಶ್ಮೀರದಿಂದ ಬಂದದ್ದು ಎನ್ನುತ್ತಿದ್ದರು. ಭಾಷಣದ ಸುದ್ದಿ ಶಿವಪ್ರಕಾಶನಿಗಿಂತ ಮೊದಲೇ ಅಂಗಡಿ ಮುಟ್ಟಿತ್ತು.

"ನೀವು ಬಣ್ಣ ಹಚ್ಚೀರಿ ಅಂತ ನಾ ಹೇಳಾಕತ್ತಿಲ್ರಿ ಸಾಬ್ರ" ಎಂದ ಶಿವಪ್ರಕಾಶ ಮೆತ್ತಗೆ. "ಆದ್ರ ಬಣ್ಣ ಐತಿ."

"ಬಣ್ಣ ಹಚ್ಚಾಕ ಅದೇನು ಸೀರಿ ಏನ್ರಿ?" ದಸ್ತಗೀರಸಾಬ ತಕ್ಕಡಿ ಕೆಳಗಿಟ್ಟರು. "ಒಂದೊಂದು ಕಾಳಿಗೆ ಕುಂತು ಬಣ್ಣ ಹಚ್ಚಿದ್ರ ನನ್ನ ಮಂದಿ ಉಣ್ಣೋದು ಯಾವಾಗ್ರಿ? ಕಾಶ್ಮೀರದ ಮಾಲ್ರಿ ಇದು!"

"ಕಾಶ್ಮೀರದಾಗ ಇದು ಬೆಳೆಯೂದಿಲ್ರಿ."

"ಹಂಗಾರ ಕಾಶ್ಮೀರದ ಕಡೀದು" ಎಂದರು ದಸ್ತಗೀರಸಾಬ, ಒಂದು ಹೆಜ್ಜೆ ಹಿಂದೆ ಸರಿದು. ಕೂಡಲೇ ಎರಡು ಹೆಜ್ಜೆ ಮುಂದೆ ಬಂದರು. "ನೋಡ್ರಿ ಸರ್, ನಾ ಸೋಮವಾರ ಬಾಗಲಕೋಟಿಗೆ ಬರ್ತೇನಿ. ನನ್ನ ಕಣ್ಣೆದುರಿಗೆ ಮಾಡಿ ತೋರಸ್ರಿ. ಬಣ್ಣ ಬಂತಂದ್ರ ಅಂಗಡಿಗೆ ಕೀಲಿ ಹಾಕ್ತೇನಿ."

ಸೋಮವಾರ ಅವರು ಬಂದೇ ಬಂದರು. ಹೆಗಲ ಮೇಲೆ ವಾವಡಿಂಗದ ಗಂಟು, ತಲೆಗೆ ಹಬ್ಬದ ಟೋಪಿ. ಶಿವಪ್ರಕಾಶ ಅವರನ್ನು ಪ್ರಯೋಗಾಲಯದ ಎತ್ತರದ ಸ್ಟೂಲಿನ ಮೇಲೆ ಕೂರಿಸಿದ. ಗಾಜಿನ ಪಟ್ಟಿಯ ಚುಕ್ಕೆ ತೋರಿಸಿದರೆ ಸಾಬರಿಗೆ ಸಮಾಧಾನವಾಗಲಿಲ್ಲ. "ಇದು ಚಾದ ಕಲಿ ಇದ್ದಂಗೈತಿ. ಇದರಾಗೇನು ತಿಳಿತೈತ್ರಿ?" ಎಂದರು. ಆಗ ಶಿವಪ್ರಕಾಶನಿಗೆ ಹಳೆಯ ಪುಸ್ತಕವೊಂದರಲ್ಲಿ ಓದಿದ್ದ ಇನ್ನೊಂದು ಪರೀಕ್ಷೆ ನೆನಪಾಯಿತು. ಹಣ್ಣಿನ ರಸಕ್ಕೆ ನಾಲ್ಕು ಹನಿ ಅಮೋನಿಯಾ ಬಿಟ್ಟರೆ ಅಸಲಿ ವಾವಡಿಂಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದು ಮಕ್ಕಳಾಟದ ಪರೀಕ್ಷೆಯೆಂದು ಅವನು ಅಲ್ಲಿಯವರೆಗೆ ಮಾಡಿಯೇ ಇರಲಿಲ್ಲ. ಆದರೆ ಎದುರಿಗೆ ಕುಳಿತವರಿಗೆ ಬಣ್ಣವೇ ಬೇಕಲ್ಲ, ತೋರಿಸೋಣ ಎಂದು ಎರಡು ಕೊಳವೆ ತೆಗೆದ. ಎಡಗಡೆ ಸಾಬರದು, ಬಲಗಡೆ ಅತ್ತೆಯವರದು.

ಎಡಗಡೆಗೆ ಹನಿ ಬಿಟ್ಟ. ರಸ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಾಢ ನೇರಳೆಯಾಯಿತು.

"ಆಹಾ!" ಎಂದರು ದಸ್ತಗೀರಸಾಬ. "ನಮ್ಮೂರ ಸೀರಿ ಕಂಡಂಗ ಆತ್ರಿ!"

ಬಲಗಡೆಗೆ ಹನಿ ಬಿಟ್ಟ. ಏನೂ ಆಗಲಿಲ್ಲ. ಇನ್ನೆರಡು ಹನಿ. ಅದು ತಣ್ಣಗಾದ ಚಹಾದ ಹಾಗೆ ಸುಮ್ಮನಿತ್ತು. ಶಿವಪ್ರಕಾಶ ಕೊಳವೆ ಬದಲಿಸಿದ, ಅಮೋನಿಯಾ ಬಾಟಲಿ ಬದಲಿಸಿದ, ಕನ್ನಡಕ ಒರೆಸಿದ. ಎಡದ್ದು ಮತ್ತೆ ನೇರಳೆ, ಬಲದ್ದು ಮತ್ತೆ ಚಹಾ. ಅಮೋನಿಯಾದ ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು.

ದಸ್ತಗೀರಸಾಬರಿಗೆ ಆಟದ ನಿಯಮ ಇನ್ನೂ ತಿಳಿದಿರಲಿಲ್ಲ. "ಬಣ್ಣ ಬಂದದ್ದು ನಂದು. ಹಂಗಾರ ಅಂಗಡಿಗೆ ಕೀಲಿ ಹಾಕೂದೇನ್ರಿ?" ಎಂದರು ಅಳುವ ದನಿಯಲ್ಲಿ.

"ಇಲ್ರಿ" ಎಂದ ಶಿವಪ್ರಕಾಶ. "ಬಣ್ಣ ಬಂದದ್ದ ಖರೇದು."

"ಅಂದ್ರ ನಾ ಗೆದ್ದೆ?"

"ಗೆದ್ರಿ."

ಸಾಬರು ಕಣ್ಣೊರೆಸಿಕೊಂಡು ಸ್ಟೂಲಿನಿಂದ ಇಳಿದರು. ಬಲಗಡೆಯ ಕೊಳವೆಯನ್ನು ಎತ್ತಿ ನೋಡಿ ಕನಿಕರದಿಂದ ಕೇಳಿದರು: "ಪಾಪ, ಇದು ಯಾರದ್ರಿ?"

"ಅದು... ಕಾಲೇಜಿಂದು" ಎಂದ ಶಿವಪ್ರಕಾಶ.

ಹತ್ತು ಹನ್ನೆರಡು ದಿನದಲ್ಲಿ ಮುಂಬೈಯ ಎಂಬೆಲಿನ್ ಬಂತು. ಅವನು ಪಟ್ಟಿ ಹಾಕಿದ. ಅಂಗಡಿಯವರು ಹಚ್ಚಿದ ಬಣ್ಣವೆಂದು ಅವನು ಸಾರಿದ್ದ ಆ ಕಿತ್ತಳೆ ಚುಕ್ಕೆ ಎಂಬೆಲಿನ್ ಪಕ್ಕದಲ್ಲಿ, ಅದೇ ಎತ್ತರದಲ್ಲಿ, ಅವಳಿಜವಳಿಯ ಹಾಗೆ ಕುಳಿತಿತ್ತು. ನಾಲ್ಕು ಊರಲ್ಲಿ ನಕಲಿ ಇದ್ದದ್ದು ಒಂದೇ ಒಂದು. ಅದು ಭರಣಿಯಲ್ಲಿ "ಅಸಲಿ" ಎಂಬ ಚೀಟಿ ಅಂಟಿಸಿಕೊಂಡು ಕುಳಿತಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ನಾಗರತ್ನಾ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮೀಸೆ ಮೂಡಿದ ಹಾಗೆ ಮುಖಕ್ಕೆಲ್ಲ ಹಿಟ್ಟಾಯಿತು.

"ನಗಬ್ಯಾಡ. ನಾಲ್ಕೂರಿನವ್ರಿಗೆ ಹೇಳೂದು ಇರ್ಲಿ, ನಿಮ್ಮವ್ವಗ ಹೆಂಗ ಹೇಳ್ಲಿ?"

"ಹೆಂಗಂದ್ರ? ಅವತ್ತು ಉಪ್ಪಿಟ್ಟಿನ ಮುಂದ ಹೇಳಿದಂಗ ಹೇಳ್ರಿ."

"ಅವತ್ತು ಆಕಿ ನನಗ ಅತ್ತಿ ಆಗಿದ್ದಿಲ್ಲ" ಎಂದ ಶಿವಪ್ರಕಾಶ.

ಆ ಭಾನುವಾರ ಇಬ್ಬರೂ ಗುಡೂರಿಗೆ ಹೋದರು. ಶಿವಪ್ರಕಾಶ ಚೀಲದಲ್ಲಿ ಕೊಳವೆ, ಸ್ಪಿರಿಟ್ಟು, ಅಮೋನಿಯಾ, ಸಾಬರ ಹಣ್ಣು ಎಲ್ಲ ಒಯ್ದಿದ್ದ. ಉಂಡಾದ ಮೇಲೆ, ಅತ್ತೆಯ ಕೈಯಲ್ಲಿ ಲಟ್ಟಣಿಗೆ ಸೌಟು ಯಾವುದೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಪಡಸಾಲೆಯಲ್ಲಿ ಪ್ರಯೋಗ ಹೂಡಿದ. ಒಂದು ನೇರಳೆಯಾಯಿತು, ಇನ್ನೊಂದು ಆಗಲಿಲ್ಲ. ನೆಲ ನೋಡುತ್ತಾ ವಿಷಯ ಹೇಳಿದ.

ಗುರುಲಿಂಗವ್ವ ಎರಡೂ ಕೊಳವೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಾತಾಡಿದ್ದು ಅಳಿಯನೊಂದಿಗಲ್ಲ. ಕಂಬಕ್ಕೆ ಒರಗಿ ಎಲೆ ಅಡಿಕೆ ಮೆಲ್ಲುತ್ತಿದ್ದ ಅಣ್ಣನ ಕಡೆ ತಿರುಗಿದರು.

"ಅಣ್ಣಾ, ಆ ಹಣ್ಣು ಎಲ್ಲೆ ಹರಿದಿ?"

"ಹೇಳಿಲ್ಲೇನು, ಘಟ್ಟದಾಗ" ಎಂದ ಅಮಾತೆಪ್ಪ.

"ಅದು ವಾವಡಿಂಗ ಅಂತ ನಿನಗ ಯಾರು ಹೇಳಿದ್ರು?"

ಅಮಾತೆಪ್ಪ ಎದ್ದುಹೋಗಿ ಉಗುಳಿ ಬಂದ. ಬರಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. "ಹೋದಾಗೊಮ್ಮಿ ವಾವಡಿಂಗ ತಾ, ವಾವಡಿಂಗ ತಾ ಅಂತ ಜೀವಾ ತಿಂತಿದ್ದಿ ನೀ. ಒಮ್ಮಿ ಗಾಡಿ ಕೆಟ್ಟು ಘಟ್ಟದಾಗ ನಿಂತಿತ್ತು. ರಸ್ತೆ ದಂಡಿಗೆ ಒಂದು ಗಿಡ ಇತ್ತು. ಹಣ್ಣು ಸಣ್ಣಾವ ಇದ್ವು, ಗುಂಡಗ ಇದ್ವು. ಹರಿದೆ, ಒಣಗಸಿದೆ, ತಂದೆ. ನೀ ಮೂಸಿ ನೋಡಿ 'ಎಂಥಾ ಘಮ ಐತಿ' ಅಂದಿ. ನಾ ಯಾಕ ಅಲ್ಲ ಅನ್ಲಿ?"

"ಎಷ್ಟು ವರ್ಷದಿಂದ ತರಾಕತ್ತಿ?"

"ಆ ಗಿಡ ಭಾಳ ಹಣ್ಣು ಬಿಡತೈತಿ" ಎಂದ ಅಮಾತೆಪ್ಪ.

ಗುರುಲಿಂಗವ್ವ ಒಳಗಿನಿಂದ ಡಬ್ಬಿ ತಂದು ಮುಂದಿಟ್ಟುಕೊಂಡು ಕುಳಿತರು. ಶಿವಪ್ರಕಾಶನಿಗೆ ಹೆದರಿಕೆಯಾಯಿತು. "ಅತ್ತಿಯವರ, ಅದು ವಿಷ ಅಲ್ರಿ. ನಾನೂ ಕುಡದೀನಲ್ರಿ, ಏನೂ ಆಗಿಲ್ಲ" ಎಂದು ಸಮಾಧಾನ ಹೇಳಲು ನೋಡಿದ.

"ವಿಷ ಅಲ್ಲ, ಖರೆ. ಆದ್ರ ಹುಡುಗರ ಹೊಟ್ಟ್ಯಾಗಿಂದ ಹುಳ ಬಿದ್ದದ್ದು ಹೆಂಗ? ನಾನ ಕಣ್ಣಾರೆ ನೋಡೀನಿ."

"ಔಡಲ ಎಣ್ಣಿಗೆ ಬಿದ್ದಿರಬೇಕ್ರಿ."

ಗುರುಲಿಂಗವ್ವನ ಮುಖದ ಮೇಲೆ ನಿಧಾನವಾಗಿ ಕಳೆ ಬಂತು. "ಎಣ್ಣಿ ಅಂತೂ ನಮ್ಮ ಹೊಲದ್ದ" ಎಂದರು. ಅಲ್ಲಿಗೆ ಆಕೆಯ ವೈದ್ಯಕ್ಕೆ ಬಂದ ಕುತ್ತು ಕಳೆಯಿತು. ಮುಂದಿನದು ಅಳಿಯನ ಪಾಳಿ.

"ನೀವು ಸಭಾದಾಗ ನಾಲ್ಕೂರಿನ ಅಂಗಡಿಯವರನ್ನ ಕಳ್ಳರು ಅಂದು ಬಂದೀರಂತ ಕೇಳೀನಿ. ಈಗ ಊರೂರು ತಿರುಗಿ ಅಲ್ಲ ಅಂತ ಹೇಳಿ ಬರ್ರಿ."

"ಪತ್ರ ಬರೀಬೇಕಂತ ಮಾಡೀನ್ರಿ."

"ಕಳ್ಳರು ಅನ್ನುವಾಗ ಪತ್ರ ಬರೆದಿದ್ರೇನು? ನಡೀರಿ, ನಾನೂ ಬರ್ತೇನಿ."

ಹೀಗೆ ಶಿವಪ್ರಕಾಶನ ಕ್ಷಮಾಪಣೆಯ ಯಾತ್ರೆ ಅತ್ತೆಯ ಮುಂದಾಳತ್ವದಲ್ಲಿ ಹೊರಟಿತು. ಕೆಂಪು ಬಸ್ಸಿನಲ್ಲಿ ಗುರುಲಿಂಗವ್ವ ಕಿಟಕಿಯ ಕಡೆ, ಅಳಿಯ ಚೀಲ ಹಿಡಿದು ಈ ಕಡೆ. ಬಾದಾಮಿಯಲ್ಲಿ ಅಂಗಡಿಯವ ಗಿರಾಕಿಗಳ ನಡುವೆ ಇವನನ್ನು ಕಂಡು ಕೆಂಡವಾದ. ಗುರುಲಿಂಗವ್ವ ಮುಂದೆ ಬಂದು, "ಸಿಟ್ಟಾಗಬ್ಯಾಡಪಾ. ತಪ್ಪು ಇವರದಲ್ಲ, ನನ್ನ ಡಬ್ಬೀದು. ಡಬ್ಬೀದೂ ಅಲ್ಲ, ನಮ್ಮಣ್ಣಂದು" ಎಂದು ಕಥೆಯನ್ನು ಘಟ್ಟದಿಂದ ಶುರುಮಾಡಿದರು. ಕಥೆ ಮುಗಿಯುವ ಹೊತ್ತಿಗೆ ಗಿರಾಕಿಗಳೆಲ್ಲ ನಗುತ್ತಿದ್ದರು, ಅಂಗಡಿಯವ ಚಹಾ ತರಿಸಿದ್ದ, ಗುರುಲಿಂಗವ್ವ ಅವನ ಹತ್ತಿರ ಹಿಪ್ಪಲಿಯ ಭಾವ ಕಡಿಮೆ ಮಾಡಿಸುತ್ತಿದ್ದರು. ಹುನಗುಂದಕ್ಕೆ ಹೋಗುವಷ್ಟರಲ್ಲಿ ಕಥೆ ಬೆಳೆದಿತ್ತು. ಕೆಟ್ಟು ನಿಂತಿದ್ದ ಲಾರಿ ಅಲ್ಲಿ ಕಂದಕಕ್ಕೆ ಜೋತುಬಿದ್ದಿತ್ತು. ಶಿವಪ್ರಕಾಶ ತಿದ್ದಲು ಹೋದರೆ, "ನೀವು ಸುಮ್ನ ಇರ್ರಿ, ಮಂದಿ ಕೇಳಾಕತ್ತಾರ" ಎಂದು ಗದರಿಸಿದರು.

ಇಳಕಲ್ಲಿನಲ್ಲಿ ದಸ್ತಗೀರಸಾಬರ ಅಂಗಡಿಯ ಮುಂದೆ ಹೊಸ ಬೋರ್ಡು ತೂಗುತ್ತಿತ್ತು: "ಕಾಲೇಜಿನಲ್ಲಿ ಪರೀಕ್ಷೆ ಗೆದ್ದ ಏಕಮಾತ್ರ ವಾವಡಿಂಗ." ಶಿವಪ್ರಕಾಶ ಕೈಮುಗಿದು ತಪ್ಪೊಪ್ಪಿಕೊಂಡ. ಆದರೆ ಬೋರ್ಡು ನೋಡಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಸಾಬ್ರ, ಒಂದು ಮಾತು. ಗೆದ್ದದ್ದು ನಿಮ್ಮದೊಂದ ಅಲ್ರಿ, ನಾಲ್ಕೂರಿಂದೂ ಗೆದ್ದೈತಿ. ಮತ್ತ ನಿಮ್ಮದು ಶಾಸ್ತ್ರದಾಗ ಹೇಳಿದ ಗಿಡದ್ದಲ್ಲ, ಅದರ ಅಕ್ಕನ ಜಾತೀದು. ಎಂಬೆಲಿನ್ ಎರಡರಾಗೂ ಐತಿ. ಉಳಿದ ಚುಕ್ಕಿ ಸ್ವಲ್ಪ ಹೆಚ್ಚು ಕಡಿಮಿ."

ದಸ್ತಗೀರಸಾಬ ಗುರುಲಿಂಗವ್ವನ ಮುಖ ನೋಡಿದರು. "ಅಕ್ಕ ಆದ್ರೇನು, ತಂಗಿ ಆದ್ರೇನು. ಮನಿತನ ಒಂದ ಹೌದಲ್ರಿ ಅಮ್ಮಾ?"

"ಮನಿತನ ಒಂದಾತಂದ್ರ ಮುಗೀತು" ಎಂದರು ಗುರುಲಿಂಗವ್ವ. "ಹಾಕ್ರಿ ಪಾವಶೇರ. ಮೊದ್ಲ ಬಣ್ಣ ತೋರಸ್ರಿ."

ಶಿವಪ್ರಕಾಶ ಅಂಗಡಿಯ ಕಟ್ಟೆಯ ಮೇಲೆಯೇ ಕೊಳವೆ ತೆಗೆದು ನೇರಳೆ ಬಣ್ಣ ಬರಿಸಿ ತೋರಿಸಬೇಕಾಯಿತು. ಬಜಾರೆಲ್ಲ ಕೂಡಿತು. "ಏಕಮಾತ್ರ" ಎಂಬ ಶಬ್ದದ ಮೇಲೆ ಮಾತ್ರ ಸಾಬರು ಬಿಳಿ ಬಣ್ಣ ಬಳಿಸಿದರು, ಅದೂ ಮುಂದಿನ ತಿಂಗಳು.

ಅವಮಾನವೆಲ್ಲ ಮುಗಿದ ಮೇಲೆ ಶಿವಪ್ರಕಾಶನಿಗೆ ಒಂದು ವಿಚಾರ ಹೊಳೆಯಿತು. ವಾವಡಿಂಗದ ಹೆಸರಿನಲ್ಲಿ ಓಡಾಡುವ ಹಣ್ಣು ಅತ್ತೆಯ ಡಬ್ಬಿಯೊಂದರಲ್ಲೇ ಇರಲಾರದು. ಅದು ಯಾವ ಗಿಡವೆಂದು ಖಾತ್ರಿಯಾಗಿ ಗೊತ್ತಾದರೆ, ಅದರ ಚುಕ್ಕೆಗಳ ಸಾಲನ್ನು ಬರೆದಿಟ್ಟರೆ, ಮುಂದೆ ಯಾರೂ ಮೋಸ ಹೋಗುವುದಿಲ್ಲ. ಅಮಾತೆಪ್ಪನ ಲಾರಿ ಹತ್ತಿ ಕಾರವಾರದ ದಾರಿ ಹಿಡಿದ. ಹಿಂದೆ ಮನೆಯಷ್ಟು ದೊಡ್ಡ ಕೆಂಪು ಕಲ್ಲು, ಮುಂದೆ ಇವರಿಬ್ಬರು. ಘಟ್ಟದ ಒಂದು ತಿರುವಿನಲ್ಲಿ ಅಮಾತೆಪ್ಪ ಬ್ರೇಕು ಹಾಕಿದ. "ಇಲ್ಲೇ ನೋಡ್ರಿ ಅಳಿಯಂದ್ರ, ನಿಮ್ಮ ಪಿಎಚ್.ಡಿ. ಕೆಡಿಸಿದ ಗಿಡ." ಆಳೆತ್ತರದ ಪೊದೆ ಅದು, ಮೈತುಂಬಾ ಸಣ್ಣ ಗುಂಡು ಹಣ್ಣು. ಶಿವಪ್ರಕಾಶ ಎಲೆ, ಹೂ, ಕಾಯಿ ಎಲ್ಲ ಕತ್ತರಿಸಿ ಕಾಗದದಲ್ಲಿ ಒತ್ತಿಟ್ಟ. ಧಾರವಾಡದ ಸಸ್ಯಶಾಸ್ತ್ರಜ್ಞರು ನೋಡಿ ಅದು ಮೀಸಾ ಇಂಡಿಕಾ ಎಂದರು. ವಾವಡಿಂಗದ ದೂರದ ನಂಟ.

ಪ್ರಬಂಧದಲ್ಲಿ ಆ ಗಿಡದ ಅಧ್ಯಾಯವೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ೨೦೦೬ರಲ್ಲಿ ಮೌಖಿಕ ಪರೀಕ್ಷೆ ನಡೆದಾಗ ಹೊರಗಿನಿಂದ ಬಂದ ಪರೀಕ್ಷಕರು, "ಈ ಮೀಸಾ ಹಣ್ಣಿನ ಮೊದಲ ಮಾದರಿ ನಿಮಗೆ ಎಲ್ಲಿ ಸಿಕ್ಕಿತು?" ಎಂದು ಕೇಳಿದರು. ಶಿವಪ್ರಕಾಶ, "ಒಂದು ಸ್ಥಳೀಯ ಮೂಲದಿಂದ" ಎಂದ.

ಹಿಂದಿನ ಬೆಂಚಿನಲ್ಲಿ ನಾಗರತ್ನಾಳ ಪಕ್ಕ ಕುಳಿತಿದ್ದ ಗುರುಲಿಂಗವ್ವ ಎದ್ದು ನಿಂತರು. "ಮೂಲ ನಾನ್ರಿ" ಎಂದರು.

ಸಭೆ ಬಿದ್ದು ಬಿದ್ದು ನಕ್ಕಿತು. ಪರೀಕ್ಷಕರು ಆಕೆಯನ್ನು ಮುಂದೆ ಕರೆದು ಕೂರಿಸಿಕೊಂಡು ಪೂರ್ತಿ ಕಥೆ ಕೇಳಿದರು. ಲಾರಿ ಈ ಸಲ ಕಂದಕದಿಂದ ಮೇಲೆ ಬಂದದ್ದು ಶಿವನ ಕೃಪೆಯಿಂದ. ಶಿವಪ್ರಕಾಶನಿಗೆ ಮುಂದೆ ಯಾರೂ ಪ್ರಶ್ನೆ ಕೇಳಲಿಲ್ಲ.

ಡಾಕ್ಟರೇಟು ಬಂದ ಸುದ್ದಿ ಗುಡೂರು ಮುಟ್ಟುವಾಗ ಅರ್ಧ ದಾರಿಯಲ್ಲಿ "ಏಟು" ಉದುರಿಹೋಗಿ ಬರೀ ಡಾಕ್ಟರ್ ಉಳಿದಿತ್ತು. ದೀಪಾವಳಿಗೆ ಅತ್ತೆಯ ಮನೆಗೆ ಹೋದರೆ ಕಟ್ಟೆಯ ಮೇಲೆ ಮಂದಿ ಸಾಲಾಗಿ ಕುಳಿತಿದ್ದರು. ಮೊಣಕಾಲು ನೋವು, ಎದೆಯುರಿ, ಹಳೆಯ ಕೆಮ್ಮು. ತಾನು ಆ ಡಾಕ್ಟರ್ ಅಲ್ಲವೆಂದು ಅವನು ಹೇಳಿ ನೋಡಿದ. ಯಾರೂ ಏಳಲಿಲ್ಲ.

"ಹಬ್ಬದ ದಿನ ಮಂದೀನ ಹಂಗ ಕಳಸಬಾರದು" ಎಂದು ಗುರುಲಿಂಗವ್ವ ಒಳಗಿನಿಂದ ಕುರ್ಚಿ ತಂದು ಹಾಕಿದರು. "ಕುಂಡ್ರಿ. ಕೈಯಾದ್ರೂ ಹಿಡಕೊಳ್ರಿ."

ಶಿವಪ್ರಕಾಶ ಕುಳಿತ. ಸಾಲಿನ ಮೊದಲಿಗೆ ಇದ್ದ ಮುದುಕಿಯ ಕೈ ಹಿಡಿದ. ಆಕೆ ಕಣ್ಣು ಮುಚ್ಚಿಕೊಂಡು ತನ್ನ ಉಬ್ಬಸದ ಕಥೆಯೆಲ್ಲ ಹೇಳಿದಳು. ಅವನು ಕೊನೆಯವರೆಗೆ ಕೇಳಿ, ಏನನ್ನೂ ಪರೀಕ್ಷಿಸದೆ, "ಅಜ್ಜಿ, ನಾಳಿ ಹುನಗುಂದದ ದೊಡ್ಡ ದವಾಖಾನಿಗೆ ಹೋಗು. ತಪ್ಪಸಬ್ಯಾಡ" ಎಂದ.

ಮುದುಕಿ ಎದ್ದು ಸೆರಗು ಸರಿಪಡಿಸಿಕೊಂಡು ಹಿಂದಿನವರ ಕಡೆ ತಿರುಗಿದಳು. "ನನ್ನ ಮಗ ಒಂದು ವರ್ಷದಿಂದ ಇದನ್ನ ಹೇಳಾಕತ್ತಿದ್ದ" ಎಂದಳು. "ಆದ್ರ ಡಾಕ್ಟರ್ ಹೇಳಿದ್ರ ಬ್ಯಾರೇನ."